ಅಕ್ಕನನ್ನು ಪಕ್ಕದಿಂದ ಎಬ್ಬಿಸಿದ ಮೇಲೆ

ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ನಮ್ಮ ನಲಿಕಲಿ ತರಗತಿಗೆ ಆಟಿಸಂ ಇರುವ ಹುಡುಗನೊಬ್ಬ ಸೇರಿದಾಗ, ಅವನ ಪಕ್ಕದಲ್ಲೇ ಕೂರಲು ಸಹಾಯಕಿಯೊಬ್ಬಳು ಬೇಕೆಂದು ಎಲ್ಲರೂ ಹೇಳಿದರು. ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು ಇಡೀ ತಾಲ್ಲೂಕನ್ನು ಸುತ್ತಬೇಕು, ದಿನವೂ ನಮ್ಮಲ್ಲಿಗೆ ಬರಲಾಗದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಆದರೆ ನಮ್ಮ ಶಾಲೆಯಲ್ಲಿ ಸಹಾಯಕಿಯ ಹುದ್ದೆ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರು, ಡೇರಿಯವರು, ಹಳೆಯ ವಿದ್ಯಾರ್ಥಿಗಳ ಕೈಕಾಲು ಹಿಡಿದು ತಿಂಗಳಿಗೆ ಸುಮಾರು ನಾಲ್ಕು ಸಾವಿರ ಹೊಂದಿಸಿದೆ. ಪಿಯುಸಿ ಮುಗಿಸಿದ್ದ ಊರಿನ ಹೆಣ್ಣುಮಗಳು ಬಂದಳು. ಮಕ್ಕಳಿಗೆಲ್ಲ ಅವಳು ಅಕ್ಕ.

ಮೊದಲ ವರ್ಷದ ಹಣ ನೀರಿನಲ್ಲಿ ಹೋಮ ಮಾಡಿದಂತಾಯಿತು. ಅಕ್ಕ ಕೈ ಹಿಡಿದು ಬರೆಸುತ್ತಿದ್ದಳು, ಪುಸ್ತಕ ತುಂಬುತ್ತಿತ್ತು. ಅವಳು ರಜೆ ಹಾಕಿದ ದಿನ ಹುಡುಗ ಬಳಪವನ್ನೂ ಮುಟ್ಟುತ್ತಿರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಅವನು ಎದುರಿಗೇ ನಿಂತಿದ್ದರೂ ಮಕ್ಕಳು “ಅಕ್ಕಾ, ಅವನು ಆಟಕ್ಕೆ ಬರುತ್ತಾನಾ?” ಎಂದು ಅವಳನ್ನೇ ಕೇಳುತ್ತಿದ್ದರು. ದಾನಿಗಳೂ ಕೈ ಹಿಂದೆಗೆದರು. ಎರಡು ಮೂರು ತಿಂಗಳ ಗೌರವಧನ ನನ್ನ ಸಂಬಳದಿಂದ ಹೋಯಿತು.

ಆಗ ನಲಿಕಲಿಯ ಐದು ತಟ್ಟೆಗಳ, ಅಂದರೆ ಬೇಕಾದ ಸಹಾಯಕ್ಕೆ ತಕ್ಕಂತೆ ಮಕ್ಕಳು ಕೂರುವ ಐದು ಗುಂಪುಗಳ, ಕ್ರಮವನ್ನೇ ಅಕ್ಕನಿಗೂ ಅನ್ವಯಿಸಿದೆ. ಶಿಕ್ಷಕರ ಪೂರ್ಣ ಸಹಾಯ, ಭಾಗಶಃ ಸಹಾಯ, ಆಮೇಲೆ ಸಹಪಾಠಿಗಳ ಪೂರ್ಣ ಸಹಾಯ, ಭಾಗಶಃ ಸಹಾಯ, ಕೊನೆಗೆ ಸ್ವಕಲಿಕೆ. ಅಕ್ಕನೂ ಹಾಗೆಯೇ ಮೆಟ್ಟಿಲು ಇಳಿಯಬೇಕು. ಅಂಗೈ ಹಿಡಿಯುವುದನ್ನು ಬಿಟ್ಟು ಮೊಣಕೈಗೆ ಬೆರಳು ತಾಗಿಸುವುದು. ಅದನ್ನೂ ಬಿಟ್ಟು ಕಾರ್ಡಿನತ್ತ ಬೆರಳು ತೋರಿಸುವುದು. ಆಮೇಲೆ ಕಣ್ಣಿನ ಸನ್ನೆ ಮಾತ್ರ. ಸಹಾಯಕ್ಕೆ ಮುಂಚೆ ಮನಸ್ಸಿನಲ್ಲಿ ಹತ್ತು ಎಣಿಸಲೇಬೇಕು. ಹುಡುಗ ತಡವರಿಸಿದರೆ ಮೊದಲ ಸರದಿ ಪಕ್ಕದ ಮಗುವಿನದು. ಆ ಮಗುವನ್ನು ಹೇಗೆ ಆರಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬಂದರೆ ತೋರಿಸುತ್ತೇನೆ.

“ಓಡಿಹೋದರೆ ಯಾರು ಹೊಣೆ ಮೇಡಂ?” ಎಂದು ಸಹೋದ್ಯೋಗಿಗಳು ಕೇಳಿದರು. ತಾಯಿಗೂ ಭಯವಿತ್ತು. ಅಕ್ಕನ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದೆ, ಆ ಮಾತು ಅಲ್ಲಿಗೆ ನಿಂತಿತು.

ದಿನಚರಿಯ ಚಿತ್ರಗಳನ್ನು ಅವನ ತಲೆಯೆತ್ತರಕ್ಕೆ ಇಳಿಸಿದ ಚಪ್ಪರದ (ಮಕ್ಕಳ ಕೆಲಸ ತೂಗುಹಾಕಲು ತರಗತಿಯಲ್ಲಿ ಮೇಲೆ ಕಟ್ಟಿದ) ದಾರಕ್ಕೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದೆವು. ಕೆಲಸ ಮುಗಿದಂತೆ ಒಂದೊಂದನ್ನೇ ಅವನೇ ಬಿಡಿಸಿ ಡಬ್ಬಕ್ಕೆ ಹಾಕುತ್ತಾನೆ. ಆರುನೂರು ರೂಪಾಯಿ ಕೊಟ್ಟು ಮಾಡಿಸಿದ ಲ್ಯಾಮಿನೇಷನ್ ವ್ಯರ್ಥ: ಹೊಳಪನ್ನೇ ಬೆಳಕಿಗೆ ಹಿಡಿದು ನೋಡುತ್ತ ಕೂತ. ರಟ್ಟಿಗೆ ಅಂಟಿಸಿದ ಚಿತ್ರಗಳೇ ಸಾಕಾದವು. ಅವನ ಕುರ್ಚಿಯ ಮುಂಗಾಲುಗಳಿಗೆ ಹಳೆಯ ಸೈಕಲ್ ಟ್ಯೂಬ್ ಬಿಗಿದೆ. ಅದನ್ನು ಒದೆಯುತ್ತ ಹೆಚ್ಚು ಹೊತ್ತು ಕೂರತೊಡಗಿದ. ಬಿಸಿಯೂಟದ ಸ್ಟೀಲ್ ತಟ್ಟೆಗಳ ಸದ್ದಿಗೆ ಕಿವಿ ಮುಚ್ಚಿ ಕಿರುಚುತ್ತಿದ್ದ. ಕಿವಿಗೆ ಹತ್ತಿ ಇಟ್ಟರೆ ಕಿತ್ತೆಸೆದ. ತಟ್ಟೆ ಹಂಚುವ ಕೆಲಸವನ್ನು ಅವನಿಗೇ ಕೊಟ್ಟೆವು. ತನ್ನ ಕೈಯಿಂದಲೇ ಬರುವ ಸದ್ದು ಅವನಿಗೆ ಅಷ್ಟು ಹಿಂಸೆಯಾಗಲಿಲ್ಲ.

ದಸರಾ ರಜೆಯ ಹೊತ್ತಿಗೆ ಗೋಡೆಯ ಕೆಳಹಲಗೆಯ (ಮಕ್ಕಳ ಕೈಗೆಟುಕುವ ಕಪ್ಪುಹಲಗೆಯ) ಮೇಲೆ ಯಾರೂ ಮುಟ್ಟದೆ ಹೆಸರು ಬರೆದ. ಈಗ ಗಣಿತದಲ್ಲಿ ಸ್ವಕಲಿಕೆಯ ತಟ್ಟೆಯಲ್ಲಿ ಕೂರುತ್ತಾನೆ, ಭಾಷೆಯಲ್ಲಿ ಇನ್ನೂ ಸಹಪಾಠಿಗಳ ಸಹಾಯ ಬೇಕು. ನಮ್ಮ ಕ್ಲಸ್ಟರ್‌ನಲ್ಲಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನಲ್ಲಿ, ಇದನ್ನು ಮಾಡಿ ತೋರಿಸಿದವರು ನಾವೇ ಮೊದಲಿಗರು. ಅಕ್ಕನ ಅರ್ಧ ದಿನ ಈಗ ಶ್ರವಣ ಸಾಧನ ಹಾಕುವ ಹುಡುಗಿಗೆ ಸಿಗುತ್ತಿದೆ. ಜೂನ್‌ನಿಂದ ಐದು ಸಾವಿರ ಕೊಡಲು ಡೇರಿಯವರು ಒಪ್ಪಿದ್ದಾರೆ; ಬೇಸಿಗೆ ರಜೆಯ ಎರಡು ತಿಂಗಳ ಗೌರವಧನವನ್ನೂ ಸೇರಿಸಿ ಎಂದು ಪಟ್ಟು ಹಿಡಿದಿದ್ದೇನೆ.