ಲಿನಕ್ಸ್‌ನಲ್ಲಿ ಕನ್ನಡ ಒಡೆದು ಕಂಡರೆ ನಾನು ಮೊದಲು ನೋಡುವುದು

"ಲಿನಕ್ಸ್ ಹಾಕಿದೆ, ಕನ್ನಡ ಸರಿಯಾಗಿ ಬರ್ತಿಲ್ಲ, ಒಂದು ಒಳ್ಳೆ ಫಾಂಟ್ ಹೇಳಿ" ಅಂತ ಯಾರಾದರೂ ಕೇಳಿದರೆ ನಾನು ಫಾಂಟಿನ ಹೆಸರು ಹೇಳುವುದಿಲ್ಲ. ಮೊದಲು ಸ್ಕ್ರೀನ್‌ಶಾಟ್ ಕಳಿಸಿ ಅನ್ನುತ್ತೇನೆ. ಸರಿಯಾಗಿ ಬರದೇ ಇರುವುದರಲ್ಲೂ ಬಗೆಗಳಿವೆ. ಒಂದೊಂದಕ್ಕೂ ಮದ್ದು ಬೇರೆ.

ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಸಾಲಾಗಿ ನಿಂತಿದ್ದರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟೇ ಇಲ್ಲ. ಅಕ್ಷರ ಇದೆ, ಆದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಕೂತಿದೆ ಅಂದರೆ ಯಾವುದೋ ತಪ್ಪು ಫಾಂಟ್ ನುಗ್ಗಿದೆ. ಗುಣಿತದ ಚಿಹ್ನೆಯ ಪಕ್ಕ ಚುಕ್ಕಿ ಚುಕ್ಕಿಯ ಒಂದು ವೃತ್ತ ಕಂಡರೆ ಟೈಪ್ ಮಾಡಿದ್ದರಲ್ಲೇ ಎಡವಟ್ಟು. ಸ್ವರದ ಮುಂದೆ ದೀರ್ಘ ಒತ್ತಿರುತ್ತಾರೆ, ಇಲ್ಲವೇ ಒಂದೇ ಅಕ್ಷರಕ್ಕೆ ಎರಡು ಗುಣಿತ ಸೇರಿರುತ್ತದೆ. ಇನ್ನು ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ನಡುನಡುವೆ ಪೌಂಡ್ ಗುರುತು ಕಂಡರೆ ಅದರ ಕಥೆಯೇ ಬೇರೆ. ಆಮೇಲೆ ಹೇಳುತ್ತೇನೆ.

ಡಬ್ಬಿ ಕಾಣುವ ತೊಂದರೆ ಎಲ್ಲಕ್ಕಿಂತ ಸುಲಭ. ಡೆಬಿಯನ್, ಉಬುಂಟುಗಳಲ್ಲಿ 'ಫಾಂಟ್ಸ್-ಕೆಎನ್‌ಡಿಎ' ಅನ್ನುವ ಪ್ಯಾಕೇಜ್ ಹಾಕಿಕೊಂಡರೆ ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೂರೂ ಒಟ್ಟಿಗೆ ಬರುತ್ತವೆ. ಗೂಗಲ್‌ನ ನೋಟೊ ಫಾಂಟ್ ಬೇಕಾದರೆ ಬೇರೆ ಪ್ಯಾಕೇಜ್ ಇದೆ. ಇಳಿಸಿಕೊಂಡ ಫಾಂಟ್ ಫೈಲನ್ನು ಹೋಮ್ ಫೋಲ್ಡರಿನ ಡಾಟ್-ಲೋಕಲ್ ಒಳಗಿನ ಶೇರ್, ಅದರೊಳಗಿನ ಫಾಂಟ್ಸ್ ಎಂಬ ಜಾಗಕ್ಕೆ ಹಾಕಿ 'ಎಫ್‌ಸಿ-ಕ್ಯಾಶ್' ಎಂಬ ಕಮಾಂಡ್ ಓಡಿಸಿದರೂ ಸಾಕು. ರೂಟ್ ಪಾಸ್‌ವರ್ಡ್ ಕೂಡ ಬೇಡ.

ನಿಜವಾದ ತಲೆನೋವು ಎರಡನೆಯ ಬಗೆ. ಇಲ್ಲಿ ಫಾಂಟ್‌ಕಾನ್ಫಿಗ್ ಬಗ್ಗೆ ಸ್ವಲ್ಪ ತಿಳಿದಿರಬೇಕು. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಎಷ್ಟೋ ಸಲ ಅಪ್ಲಿಕೇಶನ್ನುಗಳು ಇಂಥದ್ದೇ ಫಾಂಟ್ ಬೇಕು ಅಂತ ಕೇಳುವುದಿಲ್ಲ. 'ಸ್ಯಾನ್ಸ್' (ತುದಿಯಲ್ಲಿ ಗೀಟಿಲ್ಲದ್ದು), 'ಮೋನೊಸ್ಪೇಸ್' (ಎಲ್ಲ ಅಕ್ಷರಕ್ಕೂ ಒಂದೇ ಅಗಲ) ಅಂತ ಗುಣ ಹೇಳಿ ಸುಮ್ಮನಾಗುತ್ತವೆ. ಮದುವೆ ದಲ್ಲಾಳಿಯ ಹಾಗೆ ಫಾಂಟ್‌ಕಾನ್ಫಿಗ್ ಕೇಳಿದ ಗುಣಕ್ಕೆ ಹತ್ತಿರವಾದದ್ದನ್ನು ಹುಡುಕಿ ಕೊಡುತ್ತದೆ. ಸಂಬಂಧ ಸರಿಹೋಗಲಿಲ್ಲ ಅಂದರೆ ಮೊದಲು ವಿಚಾರಿಸಬೇಕಾದದ್ದು ದಲ್ಲಾಳಿಯನ್ನೇ ಅಲ್ವಾ?

ವಿಚಾರಿಸುವುದು ಹೀಗೆ. ಟರ್ಮಿನಲ್ (ಕಮಾಂಡ್ ಬರೆಯುವ ಕಿಟಕಿ) ತೆರೆದು 'ಎಫ್‌ಸಿ-ಮ್ಯಾಚ್' ಎಂದು ಬರೆದು, ಜಾಗ ಬಿಟ್ಟು 'ಸ್ಯಾನ್ಸ್' ಬರೆದು, ಕೋಲನ್ ಹಾಕಿ 'ಲ್ಯಾಂಗ್ ಈಕ್ವಲ್ಸ್ ಕೆಎನ್' ಸೇರಿಸಬೇಕು. ಕೆಎನ್ ಅಂದರೆ ಕನ್ನಡದ ಎರಡಕ್ಷರದ ಸಂಕೇತ. ಕನ್ನಡಕ್ಕೆ ಸ್ಯಾನ್ಸ್ ಕೇಳಿದರೆ ಯಾವ ಫಾಂಟ್ ಕೊಡುತ್ತೀಯಾ ಅನ್ನುವ ಪ್ರಶ್ನೆ ಇದು. ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ. ಸ್ಯಾನ್ಸ್ ಬದಲು ಸೆರಿಫ್ (ತುದಿಯಲ್ಲಿ ಗೀಟಿರುವುದು), ಮೋನೊಸ್ಪೇಸ್ ಹಾಕಿಯೂ ಕೇಳಿ. ಮೂರಕ್ಕೂ ಮೂರು ಬೇರೆ ಉತ್ತರ ಬರಬಹುದು.

ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಬ್ರೌಸರಿನಲ್ಲಿ ಕನ್ನಡ ಚೆಂದ ಕಾಣುತ್ತಿತ್ತು, ಎಡಿಟರಿನಲ್ಲಿ ಮಾತ್ರ ಕರಿ ಚೌಕಗಳನ್ನು ಜೋಡಿಸಿ ಮಾಡಿದ ಹಾಗಿತ್ತು. 'ಅಕ್ಕ' ಎಂಬ ಪದ ಅ, ಕ, ಬಿಡಿ ಅರ್ಧಾಕ್ಷರದ ಚಿಹ್ನೆ, ಮತ್ತೆ ಕ ಎಂದು ನಾಲ್ಕು ತುಂಡಾಗಿ ಕಾಣುತ್ತಿತ್ತು. ಎಡಿಟರಿನದೇ ತಪ್ಪು ಅನ್ನಿಸುವುದು ಸಹಜ. ಆದರೆ ಇವತ್ತು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಅಪ್ಲಿಕೇಶನ್ನುಗಳ ಕಿಟಕಿ, ಮೆನು ಕಟ್ಟಿಕೊಡುವ ಜಿಟಿಕೆ, ಕ್ಯೂಟಿ ಎಲ್ಲವೂ ಅಕ್ಷರ ಜೋಡಿಸಲು ಬಳಸುವುದು ಹಾರ್ಫ್‌ಬಜ್ ಎಂಬ ಒಂದೇ ಲೈಬ್ರರಿಯನ್ನು. ಜೋಡಿಸುವವನು ಒಬ್ಬನೇ ಆಗಿದ್ದು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಬಂದರೆ ಅನುಮಾನ ಫಾಂಟಿನ ಮೇಲೇ ಹೋಗಬೇಕು. ಎಡಿಟರ್ ಕೇಳುವುದು ಮೋನೊಸ್ಪೇಸ್, ಹಾಗಾಗಿ ಅದನ್ನೇ ಹಾಕಿ ಕೇಳಿದೆ. ಉತ್ತರ ಬಂತು: ಯುನಿಫಾಂಟ್.

ಯುನಿಫಾಂಟ್ ಕೆಟ್ಟದ್ದೇನಲ್ಲ. ಯೂನಿಕೋಡಿನ (ಜಗತ್ತಿನ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಕೇತ ಕೊಡುವ ಪದ್ಧತಿ) ಸಾವಿರಾರು ಅಕ್ಷರಗಳಿಗೆ ತಲಾ ಒಂದು ಚುಕ್ಕಿಚಿತ್ರ ಇರಲಿ ಅಂತ ಮಾಡಿದ ಫಾಂಟ್ ಅದು. ಆದರೆ ಒತ್ತು, ಅರ್ಕಾವತ್ತು ಕೂಡಿಸುವ ನಿಯಮ ಅದರೊಳಗೆ ಇಲ್ಲ. ಬೇರೇನೋ ಪ್ಯಾಕೇಜ್ ಹಾಕುವಾಗ ಅದರ ಬೆನ್ನಿಗೇ ಬಂದಿತ್ತು. ಕನ್ನಡಕ್ಕೆ ಮೋನೊಸ್ಪೇಸ್ ಫಾಂಟ್ ಅಂತ ಸಿಗುವುದೇ ಅಪರೂಪ, ಹಾಗಾಗಿ ಮೋನೊ ಅಂದ ಕೂಡಲೇ ಇದು ಮುಂದೆ ಬಂದು ನಿಂತಿತ್ತು. ಆ ಪ್ಯಾಕೇಜ್ ತೆಗೆದುಹಾಕಿದೆ, ಎಡಿಟರ್ ಮುಚ್ಚಿ ತೆರೆದೆ, ಸರಿಯಾಯಿತು. ತೆಗೆಯಲು ಆಗದಿದ್ದರೆ ಫಾಂಟ್‌ಕಾನ್ಫಿಗ್‌ನ ಫೈಲಿನಲ್ಲಿ 'ರಿಜೆಕ್ಟ್‌ಫಾಂಟ್' ಎಂಬ ತುಂಡು ಬರೆದು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಮಾಡಬಹುದು.

ಆ ಫೈಲು ಇರುವುದು ಹೋಮ್ ಫೋಲ್ಡರಿನ ಡಾಟ್-ಕಾನ್ಫಿಗ್ ಒಳಗಿನ ಫಾಂಟ್‌ಕಾನ್ಫಿಗ್ ಫೋಲ್ಡರಿನಲ್ಲಿ. ಹೆಸರು 'ಫಾಂಟ್ಸ್ ಡಾಟ್ ಕಾನ್ಫ್'. ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬೇಕು. ನನ್ನದರಲ್ಲಿ ಜಾಸ್ತಿ ಏನೂ ಇಲ್ಲ: ಸ್ಯಾನ್ಸ್-ಸೆರಿಫ್ ಕೇಳಿದರೆ ಮೊದಲು ಡೆಜಾವು ಸ್ಯಾನ್ಸ್ ಕೊಡು, ಅದರಲ್ಲಿ ಇಲ್ಲದ ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡ ಕೊಡು. ಈ ಸಾಲು ಹಿಂದುಮುಂದು ಆಗಬಾರದು. ಹುಬ್ಬಳ್ಳಿ, ಬಲೂ ತಮ್ಮ ಥರದ ಕನ್ನಡ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಅಂಥದ್ದನ್ನು ಮೊದಲು ಇಟ್ಟರೆ ಮೆನು, ಬಟನ್ ಎಲ್ಲದರ ಇಂಗ್ಲಿಷೂ ಬದಲಾಗಿ ಡೆಸ್ಕ್‌ಟಾಪ್ ಗುರುತೇ ಸಿಗದ ಹಾಗಾಗುತ್ತದೆ.

ಫ್ಲ್ಯಾಟ್‌ಪ್ಯಾಕ್‌ನಲ್ಲಿ (ಅಪ್ಲಿಕೇಶನ್ನುಗಳನ್ನು ಪ್ರತ್ಯೇಕವಾಗಿಟ್ಟು ಓಡಿಸುವ ವ್ಯವಸ್ಥೆ) ಹಾಕಿದ ಅಪ್ಲಿಕೇಶನ್ನುಗಳಿಗೆ ನಮ್ಮ ಫಾಂಟ್‌ಗಳು ಕಾಣುತ್ತವೆ, ಆದರೆ ನಮ್ಮ ಈ ಫೈಲು ಕಾಣುವುದಿಲ್ಲ. ಆ ಫೋಲ್ಡರನ್ನು ಓದುವ ಅನುಮತಿ ಕೊಡಬೇಕು. ಈ ಅನುಮತಿಗಳನ್ನು ಬದಲಿಸಲು ಇರುವ ಫ್ಲ್ಯಾಟ್‌ಸೀಲ್ ಹಾಕಿಕೊಂಡಿದ್ದರೆ ಅರ್ಧ ನಿಮಿಷದ ಕೆಲಸ.

ಲಿಬ್ರೆಆಫೀಸಿನ ವಿಷಯ ಬೇರೆ. ಕನ್ನಡ ಸಾಲನ್ನು ಆರಿಸಿಕೊಂಡು ಮೇಲಿನ ಪಟ್ಟಿಯಲ್ಲಿ ಫಾಂಟ್ ಬದಲಿಸಿದರೂ ಒಮ್ಮೊಮ್ಮೆ ಅಕ್ಷರ ಅಲುಗಾಡುವುದಿಲ್ಲ. ಕಾರಣ, ಅದರಲ್ಲಿ ಬರಹಕ್ಕೆಂದು ಇರುವ ರೈಟರ್ ಪ್ರತಿ ಪ್ಯಾರಾಕ್ಕೂ ಮೂರು ಫಾಂಟ್ ನೆನಪಿಟ್ಟುಕೊಳ್ಳುತ್ತದೆ: ಇಂಗ್ಲಿಷಿನಂಥ ಲಿಪಿಗೆ ಒಂದು, ಚೀನಿ, ಜಪಾನಿಯಂಥ ಲಿಪಿಗೆ ಒಂದು, ಕನ್ನಡದಂಥ ಕೂಡಿ ಬರೆಯುವ ಲಿಪಿಗೆ ಇನ್ನೊಂದು. ಈ ಕೊನೆಯದಕ್ಕೆ ಅದು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಅನ್ನುತ್ತದೆ. ಸಿಟಿಎಲ್ ಜಾಗದಲ್ಲಿ ಎಷ್ಟೋ ಕಡೆ ಮೊದಲೇ ಕೂತಿರುವುದು ಯಾವುದೋ ದೇವನಾಗರಿ ಫಾಂಟ್. ಅದರಲ್ಲಿ ಕನ್ನಡ ಇಲ್ಲ, ಹಾಗಾಗಿ ಸಿಕ್ಕಿದ ಫಾಂಟಿನಲ್ಲಿ ತೋರಿಸುತ್ತದೆ. ಪಟ್ಟಿಯಲ್ಲಿ ಒಂದು ಹೆಸರು, ಪುಟದಲ್ಲಿ ಇನ್ನೊಂದು ಅಕ್ಷರ. ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ, ಅಲ್ಲೇ ಕನ್ನಡ ಆರಿಸಿಕೊಳ್ಳಿ. ಆಮೇಲೆ ರೈಟರ್ ವಿಭಾಗದಲ್ಲಿ ಬೇಸಿಕ್ ಫಾಂಟ್ಸ್ ಸಿಟಿಎಲ್ ಎಂಬ ಹೊಸ ಪುಟ ಸಿಗುತ್ತದೆ. ಅಲ್ಲಿ ನಿಮ್ಮ ಕನ್ನಡ ಫಾಂಟ್ ಕೊಟ್ಟುಬಿಡಿ. ಅಕ್ಷರದ ಗಾತ್ರವೂ ಅಲ್ಲಿ ಬೇರೆಯಾಗಿಯೇ ಇರುತ್ತದೆ. ಇದು ಒಂದು ಅನುಕೂಲವೂ ಹೌದು: ನಾನು ಇಂಗ್ಲಿಷಿಗೆ 11, ಕನ್ನಡಕ್ಕೆ 12 ಇಟ್ಟುಕೊಂಡಿದ್ದೇನೆ. ಒಂದೇ ಸಾಲಿನಲ್ಲಿ ಎರಡೂ ಬಂದಾಗ ಸಮ ಕಾಣುತ್ತದೆ.

ಈಗ ಪೌಂಡ್ ಗುರುತಿನ ಕಥೆ. ಊರಿನ ದೇವಸ್ಥಾನದ ಜೀರ್ಣೋದ್ಧಾರದ ಕರಪತ್ರವನ್ನು ಚಿಕ್ಕಪ್ಪ ಕಳಿಸಿದ್ದರು, ಒಮ್ಮೆ ತಿದ್ದಿಕೊಡು ಅಂತ. ತೆರೆದರೆ ಬರೀ ಗೀಟು, ಕೊಕ್ಕೆ. ಫೋನ್ ಮಾಡಿದರೆ, "ನಿನ್ನ ಲಿನಕ್ಸ್‌ನಲ್ಲಿ ಕನ್ನಡ ಬರಲ್ವೇನೋ?" ಅಂದರು. "ಚಿಕ್ಕಪ್ಪ, ಈ ಫೈಲಲ್ಲಿ ಕನ್ನಡಾನೇ ಇಲ್ಲ" ಅಂದೆ. ಅವರಿಗೆ ಸ್ವಲ್ಪ ಸಿಟ್ಟು ಬಂತು. ಆದರೆ ಮಾತು ನಿಜ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಫಾಂಟ್ ಅದರ ಮೇಲೆ ಕನ್ನಡದ ತುಂಡುಗಳ ಚಿತ್ರ ಕೂರಿಸಿರುತ್ತದೆ. ಪೌಂಡ್ ಗುರುತು ಬಂದ ಕಡೆಯೆಲ್ಲ 'ನ', ಇಂಗ್ಲಿಷಿನ ದೊಡ್ಡ ಪಿ ಬಂದ ಕಡೆ 'ಕ'. ಆ ಫಾಂಟ್ ನಮ್ಮಲ್ಲಿ ಇಲ್ಲದಿದ್ದರೆ ಒಳಗಿನ ಗೀಟುಗಳೇ ಹೊರಗೆ ಕಾಣುತ್ತವೆ.

ಸುಮ್ನೆ ಓದಬೇಕಾದರೆ ಅದೇ ಫಾಂಟ್ ತಂದು ಹಾಕಿಕೊಂಡರೆ ಸಾಕು. ತಿದ್ದಿ ಉಳಿಸಬೇಕಾದರೆ ಯೂನಿಕೋಡಿಗೆ ಬದಲಿಸುವುದೇ ಮೇಲು. ಬದಲಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ನಾನು ಮೊದಲು ನೋಡುವುದು ಅರ್ಕಾವತ್ತನ್ನು. 'ಕರ್ನಾಟಕ' ತೆಗೆದುಕೊಳ್ಳಿ. ಆಸ್ಕಿಯಲ್ಲಿ ಕಣ್ಣಿಗೆ ಕಾಣುವ ಸಾಲಿನಲ್ಲೇ ಇಟ್ಟಿರುತ್ತಾರೆ: ಕ, ನಾ, ಅರ್ಕಾವತ್ತು, ಟ, ಕ. ಯೂನಿಕೋಡಿನಲ್ಲಿ ಉಚ್ಚಾರದ ಸಾಲು: ಕ, ರ್, ನಾ, ಟ, ಕ. ಸಾಧನ ಇಲ್ಲಿ ಎಡವಿದರೆ ಅರ್ಕಾವತ್ತು ಮುಂದಿನ ಅಕ್ಷರದ ಪಕ್ಕಕ್ಕೆ ಹೋಗಿ ಕೂರುತ್ತದೆ. ಆ ಕರಪತ್ರದಲ್ಲಿ ಜೀರ್ಣೋದ್ಧಾರ, ಕಾರ್ಯಕ್ರಮ, ಸರ್ವರಿಗೂ, ಕಾರ್ತಿಕ... ಅರ್ಕಾವತ್ತಿಗೆ ಬರವೇ ಇರಲಿಲ್ಲ.

ಹಳೆಯ ಫೈಲುಗಳಲ್ಲಿ ಇನ್ನೊಂದು ಕಳ್ಳ ಇದ್ದಾನೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿರುತ್ತಾರೆ. 'ಬೆಂಗಳೂರು' ಮತ್ತು 'ಬೆ೦ಗಳೂರು' ನೋಡಲು ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಇರುವುದು ಅಂಕಿ. ಕಣ್ಣಿಗೆ ಕಾಣುವ ಪದ ಹುಡುಕಿದರೆ ಸಿಗುತ್ತಿಲ್ಲ ಅಂದಾಗಲೆಲ್ಲ ನಾನು ಮೊದಲು ಸೊನ್ನೆ ಹುಡುಕುತ್ತೇನೆ. ಅದೂ ಅಲ್ಲದಿದ್ದರೆ ಕಣ್ಣಿಗೆ ಕಾಣದ ಜೋಡಕಗಳ ಕೆಲಸ. 'ಫಾಂಟ್‌ಗಳು' ಎಂದು ಬರೆಯುವಾಗ ಟ್ ಆದ ಮೇಲೆ ಅಂಥದ್ದೊಂದು ಇರುವುದರಿಂದಲೇ ಗ ಒತ್ತಾಗಿ ಕೆಳಗಿಳಿಯುವುದಿಲ್ಲ. ಅದಿಲ್ಲದಿದ್ದರೆ 'ಫಾಂಟ್ಗಳು' ಆಗುತ್ತದೆ. 'ರ‍್ಯಾಂಕ್' ಬರೆಯುವಾಗ ಇನ್ನೊಂದು ಬಗೆಯ ಜೋಡಕ ರ ಮತ್ತು ಅರ್ಧಾಕ್ಷರ ಚಿಹ್ನೆಯ ನಡುವೆ ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ.

ಇಷ್ಟೆಲ್ಲ ಸರಿ ಇದ್ದ ಮೇಲೆ ಯಾವ ಫಾಂಟ್ ಚೆಂದ ಅನ್ನುವ ಮಾತಿಗೆ ಅರ್ಥ. ಇಂಗ್ಲಿಷ್ ಫಾಂಟ್ ಬಗ್ಗೆ ಲಿನಕ್ಸ್ ಬಳಸುವವರಷ್ಟು ಜಗಳ ಆಡುವವರು ಇನ್ಯಾರೂ ಇಲ್ಲವೇನೋ. 2019ರಲ್ಲಿ ಬರಹ ಮೂಡಿಸುವ ಲೈಬ್ರರಿ ಪ್ಯಾಂಗೊ 1.44 ಬಂದು ಚುಕ್ಕಿಗಳಿಂದ ಮಾಡಿದ ಹಳೆಯ ಬಿಟ್‌ಮ್ಯಾಪ್ ಫಾಂಟ್‌ಗಳಿಗೆ ಬೆಂಬಲ ನಿಲ್ಲಿಸಿದಾಗ ಅಂಥದ್ದೇ ಒಂದಾದ ಟರ್ಮಿನಸ್ ಫಾಂಟಿನ ಪ್ರೇಮಿಗಳು ಕೂಗಾಡಿದರು. 2025ರಲ್ಲಿ ಗ್ನೋಮ್ ಡೆಸ್ಕ್‌ಟಾಪಿನ 48ನೇ ಆವೃತ್ತಿ ಕ್ಯಾಂಟರೆಲ್ ಫಾಂಟ್ ಬಿಟ್ಟು ಇಂಟರ್ ಫಾಂಟ್ ಆಧಾರಿತ ಅದ್ವೈತ ಸ್ಯಾನ್ಸ್ ತಂದಾಗಲೂ ಪರ ವಿರೋಧ ಮಾತು ಇದ್ದೇ ಇತ್ತು. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ಆಫೀಸ್ ಫೈಲುಗಳು ಪುಟ ತಪ್ಪದಿರಲಿ ಅಂತ ಏರಿಯಲ್ ಅಳತೆಯ ಲಿಬರೇಶನ್, ಕ್ಯಾಲಿಬ್ರಿ ಅಳತೆಯ ಕಾರ್ಲಿಟೊ ಹಾಕಿಟ್ಟಿರುತ್ತೇನೆ, ಅಷ್ಟೇ.

ಕನ್ನಡ ಫಾಂಟ್ ಆರಿಸಲು ನನ್ನ ಹತ್ತಿರ ಒಂದು ಸಾಲಿದೆ: "ಮವ ರಠ ದಧ ಡಢ ಬಭ ಪಷ, ರಾಷ್ಟ್ರ, ಸ್ತ್ರೀ, ವೈಶಿಷ್ಟ್ಯ, ಕೃಷ್ಣ, ಕಾರ್ಯ, ರ‍್ಯಾಂಕ್". ಇದನ್ನು 10ರ ಗಾತ್ರದಲ್ಲಿ ಇಟ್ಟು ಒಂದು ಕೈಯಳತೆ ದೂರದಿಂದ ನೋಡುತ್ತೇನೆ. ಠ ಒಳಗಿನ ಚುಕ್ಕಿ ಮುಚ್ಚಿಹೋಗಿ ರ ಥರ ಕಂಡರೆ, ಮಹಾಪ್ರಾಣದ ಸೀಳು ಮಸುಕಾಗಿ ಧ ಮತ್ತು ದ ಒಂದೇ ಆದರೆ ಆ ಫಾಂಟ್ ಮೆನುವಿಗೆ ಬೇಡ, ದೊಡ್ಡ ಶೀರ್ಷಿಕೆಗೆ ಇರಲಿ. 'ರಾಷ್ಟ್ರ'ದಲ್ಲಿ ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಅದು ಪಕ್ಕಕ್ಕೆ ಹರಡಿ ಮುಂದಿನ ಅಕ್ಷರಕ್ಕೆ ತಾಗುತ್ತದೆಯೇ, ಕೆಳಗಿಳಿದು ತುದಿ ಕತ್ತರಿಸಿಹೋಗುತ್ತದೆಯೇ ನೋಡಬೇಕು. ವಿಂಡೋ ಶೀರ್ಷಿಕೆ, ಟ್ಯಾಬುಗಳಲ್ಲಿ ಒತ್ತಿನ ಬಾಲ ಕತ್ತರಿಸುವುದು ಮಾಮೂಲು.

ಈ ಪರೀಕ್ಷೆಯಲ್ಲಿ ಮೆನು, ಬಟನ್‌ಗಳಿಗೆ ನನಗೆ ಒಪ್ಪಿದ್ದು ನೋಟೊ ಸ್ಯಾನ್ಸ್ ಕನ್ನಡ. ಉದ್ದದ ಬರಹ ಓದಲು ನೋಟೊ ಸೆರಿಫ್ ಕನ್ನಡ, ಸಾಲಿನ ಅಂತರ 1.6. ಬೆನ್ನೆ ಎಂಬ ಫಾಂಟ್ ತೆಳ್ಳಗೆ ಚೆಂದ, ಆದರೆ ಹಳೆಯ ಕಡಿಮೆ ಪಿಕ್ಸೆಲ್ಲಿನ ಸ್ಕ್ರೀನಿನಲ್ಲಿ ಗೆರೆಗಳು ಕರಗುತ್ತವೆ. ನವಿಲು ಕೈಬರಹದ ಥರದ್ದು, ಮನೆಯ ಸಾಮಾನು ಚೀಟಿಗೆ ಸರಿ. ಫೈರ್‌ಫಾಕ್ಸಿನ ಫಾಂಟ್ ಸೆಟ್ಟಿಂಗಿನಲ್ಲಿ ಕನ್ನಡಕ್ಕೇ ಬೇರೆ ಆಯ್ಕೆ ಇದೆ. ಅಲ್ಲೂ ನೋಟೊ ಫಾಂಟನ್ನೇ ಕೊಟ್ಟಿದ್ದೇನೆ.

ಹಿಂಟಿಂಗ್ (ಅಕ್ಷರದ ಗೆರೆಗಳನ್ನು ಪಿಕ್ಸೆಲ್ಲಿಗೆ ಹೊಂದಿಸುವ ಸೆಟ್ಟಿಂಗ್) ಮಾತ್ರ 'ಸ್ಲೈಟ್' ಇರಲಿ. 'ಫುಲ್' ಇಟ್ಟರೆ ಗೆರೆಗಳನ್ನು ಪಿಕ್ಸೆಲ್ಲಿಗೆ ಎಳೆದು ಕೂರಿಸುತ್ತದೆ. ನೆಟ್ಟಗಿನ ಇಂಗ್ಲಿಷ್ ಅಕ್ಷರಕ್ಕೆ ಅದು ನಡೆಯುತ್ತದೆ, ನಮ್ಮ ದುಂಡಗಿನ ಅಕ್ಷರಗಳು ಸೊಟ್ಟಗಾಗುತ್ತವೆ.

ಕೊನೆಗೂ ಬಗ್ಗದೇ ಉಳಿದಿರುವುದು ಟರ್ಮಿನಲ್. ಅದು ಸ್ಕ್ರೀನನ್ನು ಒಂದೇ ಅಗಲದ ಮನೆಗಳಾಗಿ ಹಂಚಿಕೊಂಡು ಅಕ್ಷರ ಕೂರಿಸುತ್ತದೆ. ಒತ್ತು, ದೀರ್ಘ ಸೇರಿ ಅಗಲ ಬದಲಾಗುವ ಲಿಪಿಗೆ ಆ ಲೆಕ್ಕ ಒಗ್ಗುವುದಿಲ್ಲ, ಎಷ್ಟು ಒಳ್ಳೆ ಫಾಂಟ್ ಕೊಟ್ಟರೂ ಅಷ್ಟೇ. ಎಂಎಲ್‌ಟರ್ಮ್ ಭಾರತೀಯ ಲಿಪಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುವ ಟರ್ಮಿನಲ್, ಅದರಲ್ಲಿ ಪರವಾಗಿಲ್ಲ. ಆದರೆ ದಿನಬಳಕೆಗೆ ನನಗೆ ಒಗ್ಗಲಿಲ್ಲ. ಕಮಾಂಡಿನ ಉತ್ತರದಲ್ಲಿ ಕನ್ನಡ ಇದ್ದರೆ ಅದನ್ನು ಒಂದು ಫೈಲಿಗೆ ತಿರುಗಿಸಿ ಎಡಿಟರಿನಲ್ಲಿ ತೆರೆದು ಓದುತ್ತೇನೆ.