ಕನ್ನಡಿ ಮನೆಯ ಹಾಡು: ನಾಲ್ಕೂವರೆ ಲಕ್ಷದಲ್ಲಿ ಮುಗಿಸಿದ ನನ್ನ ಅನುಭವ

ನಾನು ಛಾಯಾಗ್ರಹಣ ಮಾಡಿದ ಈ ಕನ್ನಡಿ ಮನೆಯ ಹಾಡು ಥಿಯೇಟರಿಗೆ ಬಂದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಕ್ಯಾಮರಾ ಹಿಡಿಯುವ ಗೆಳೆಯರೆಲ್ಲ ಕೇಳುವುದು ಒಂದೇ ಮಾತು. "ಅಷ್ಟೊಂದು ಕನ್ನಡಿ ಇದೆ, ಒಂದರಲ್ಲೂ ಲೈಟ್ ಕಾಣಲ್ಲ, ಕ್ಯಾಮರಾ ಕಾಣಲ್ಲ. ಗ್ರಾಫಿಕ್ಸಲ್ಲಿ ಅಳಿಸಿದ್ರಾ?" ಇಲ್ಲ. ಒಂದೇ ಒಂದು ಶಾಟ್ ಬಿಟ್ಟರೆ ಮಿಕ್ಕಿದ್ದೆಲ್ಲ ಸೆಟ್ಟಿನಲ್ಲೇ ಆಗಿದ್ದು. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ನಮ್ಮದು ಸಣ್ಣ ಬಜೆಟ್ಟಿನ ಪ್ರೇಮಕಥೆ. ನಡುವೆ ಒಂದು ಅದ್ದೂರಿ ಹಾಡು ಬೇಕು ಅಂತ ನಿರ್ದೇಶಕರು ಹಟ ಹಿಡಿದಿದ್ದರು. ನಾನು ಕನ್ನಡಿ ಮನೆ ಅಂದೆ. ಕಲಾ ನಿರ್ದೇಶಕರು ಲೆಕ್ಕ ಹಾಕಿ 18 ಲಕ್ಷ ಅಂದರು. ನಿರ್ಮಾಪಕರು ಕೈ ಎತ್ತಿದರು. "ಐದು ಲಕ್ಷದ ಮೇಲೆ ಒಂದು ರೂಪಾಯಿ ಇಲ್ಲ ರೀ. ಸುಮ್ನೆ ಯಾವುದಾದರೂ ರೆಸಾರ್ಟಿಗೆ ಹೋಗಿ ಮುಗಿಸಿಕೊಂಡು ಬನ್ನಿ." ಲೈಟ್ ಯೂನಿಟ್ಟಿನ ಹಿರಿಯರೊಬ್ಬರು, ಮೂವತ್ತು ವರ್ಷ ಲೈಟ್ ಹೊತ್ತವರು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಸಾರ್, ಆಗಲ್ಲ ಬಿಡಿ. ಕನ್ನಡಿಗೆ ಲೈಟ್ ಹಾಕೋಕಾಗಲ್ಲ."

ಆದರೆ ಆಗಿದೆಯಲ್ಲ, ಅರವತ್ತು ವರ್ಷದ ಹಿಂದೆಯೇ! ಮೊಘಲ್-ಎ-ಆಜಮ್ ಚಿತ್ರದ ಶೀಶ್ ಮಹಲ್, ಅಂದರೆ ಕನ್ನಡಿ ಮನೆ, ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮುಂಬೈಯ ಮೋಹನ್ ಸ್ಟುಡಿಯೋದಲ್ಲಿ 150 ಅಡಿ ಉದ್ದ, 80 ಅಡಿ ಅಗಲ, 35 ಅಡಿ ಎತ್ತರದ ಸೆಟ್. ಬೆಲ್ಜಿಯಂ ಗಾಜು. ಕಟ್ಟುವುದಕ್ಕೇ ಎರಡು ವರ್ಷ ಹಿಡಿಯಿತು, ಆ ಕಾಲದ 15 ಲಕ್ಷಕ್ಕೂ ಜಾಸ್ತಿ ಖರ್ಚಾಯಿತು. ಲೈಟ್ ಹಾಕಿದರೆ ಎಲ್ಲಿ ನೋಡಿದರೂ ಬರೀ ಮಿಂಚು. ಕೊನೆಗೆ ಕನ್ನಡಿಗಳಿಗೆ ತೆಳ್ಳಗೆ ಮೇಣ ಬಳಿದರು. ಛಾಯಾಗ್ರಾಹಕ ಆರ್. ಡಿ. ಮಾಥುರ್ ಬಟ್ಟೆಯ ಪಟ್ಟಿಗಳಿಗೆ ಲೈಟ್ ಬಿಟ್ಟು, ಅಲ್ಲಿಂದ ಬೌನ್ಸ್ ಆದ ಬೆಳಕಿನಲ್ಲಿ ಚಿತ್ರೀಕರಿಸಿದರು.

ನಾನು ಹಿಡಿದುಕೊಂಡಿದ್ದು ಅದರ ಇನ್ನೊಂದು ಗುಟ್ಟು. 1960ರಲ್ಲಿ ಬಿಡುಗಡೆಯಾದಾಗ ಆ ಚಿತ್ರ ಬಹುಪಾಲು ಕಪ್ಪು ಬಿಳುಪು. ಶೀಶ್ ಮಹಲ್ ಹಾಡು ಮತ್ತು ಕೊನೆಯ ಕೆಲವು ರೀಲು ಮಾತ್ರ ಬಣ್ಣದಲ್ಲಿ. ಅಷ್ಟು ಹೊತ್ತು ಬೂದು ಬಣ್ಣ ನೋಡಿದ ಕಣ್ಣಿಗೆ ಒಮ್ಮೆಗೇ ಕೆಂಪು, ಹಸಿರು, ಚಿನ್ನ. ಹೇಗಾಗಿರಬೇಡ! 2004ರಲ್ಲಿ ಇಡೀ ಚಿತ್ರಕ್ಕೆ ಬಣ್ಣ ಹಾಕಿ ಬಿಟ್ಟಾಗ ನಾನು ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಹಾಡು ಶುರುವಾದಾಗ ಎದೆ ಝಲ್ಲೆನ್ನಲಿಲ್ಲ. ಅದಕ್ಕೂ ಮೊದಲೇ ಕಣ್ಣಿಗೆ ಹೊಟ್ಟೆ ತುಂಬಿತ್ತು. ಅದ್ದೂರಿತನ ಅನ್ನುವುದು ಸೆಟ್ಟಿನ ಅಳತೆಯಲ್ಲಿ ಇಲ್ಲ, ನೋಡುವವರ ಹಸಿವಿನಲ್ಲಿದೆ ಅಂತ ನನಗೆ ಅವತ್ತೇ ಅನ್ನಿಸಿತ್ತು.

ಹಾಗಾಗಿ ನಿರ್ದೇಶಕರ ಹತ್ತಿರ ಒಂದೇ ಒಂದು ಷರತ್ತು ಇಟ್ಟೆ. ಹಾಡಿಗೆ ಮೊದಲಿನ ಹತ್ತು ನಿಮಿಷ ಕೆಂಪು ಅನ್ನುವ ಬಣ್ಣವೇ ಬರಬಾರದು. ಗೋಡೆ, ಸೀರೆ, ಬಕೆಟ್ಟು, ಯಾವುದರಲ್ಲೂ. ಅವರು ಗೊಣಗಿದರು, ಆದರೆ ಒಪ್ಪಿದರು.

ಸೆಟ್ ಹಾಕಿದ್ದು ಬಾಡಿಗೆ ಗೋಡೌನಿನಲ್ಲಿ. ಸುಮಾರು 32 ಅಡಿ ಉದ್ದ, 20 ಅಡಿ ಅಗಲ. ಗೋಡೆ ಒಂದೂವರೆ, ಮೇಲೆ ತುಂಡು ಸೀಲಿಂಗ್, ಅಷ್ಟೇ. ಗಾಜಿನ ಅಂಗಡಿಗಳಲ್ಲಿ ಕತ್ತರಿಸಿ ಉಳಿದ ಕನ್ನಡಿ ಚೂರುಗಳನ್ನು ಚೀಲದ ಲೆಕ್ಕದಲ್ಲಿ ತಂದೆವು. ಒಟ್ಟು ಒಂಬತ್ತು ಸಾವಿರ ತುಂಡು ಇರಬಹುದು.

ಇನ್ನು ಕೆಟ್ಟಿದ್ದರ ಕಥೆ. ಮೊದಲು ಹಳೇ ಅರಮನೆಗಳಲ್ಲಿರುವ ಹಾಗೆ ಉಬ್ಬು ಕನ್ನಡಿ ತರಿಸಿದ್ದೆ, 40 ಸಾವಿರ ಕೊಟ್ಟು. ಉಬ್ಬು ಕನ್ನಡಿಗೆ ಇಡೀ ಕೋಣೆ ಕಾಣುತ್ತದೆ. ಎಲ್ಲೇ ಲೈಟ್ ಇಟ್ಟರೂ ಮೂರು ಸಾವಿರ ಕನ್ನಡಿಯಲ್ಲೂ ಮೂರು ಸಾವಿರ ಲೈಟು. ಅಷ್ಟೂ ದಂಡ. ಆಮೇಲೆ ಮೇಣ. ಒಂದು ಗೋಡೆಗೆ ಕಾಯಿಸಿ ಬಳಿದೆವು. ಮಾಥುರ್ ಅವರಿಗೆ ದೂರದ ದೊಡ್ಡ ಸೆಟ್ ಇತ್ತು, ನಮ್ಮ ಗೋಡೆ ಕ್ಯಾಮರಾದಿಂದ ಹದಿನೈದೇ ಅಡಿ. ಪೊರೆ ಬಂದ ಕಣ್ಣಿನ ಹಾಗೆ ಕಂಡಿತು. ಕೆರೆದು ತೆಗೆಯಲು ನಾಲ್ಕು ಹುಡುಗರಿಗೆ ಎರಡು ದಿನ ಬೇಕಾಯಿತು. ಸಾಂಬ್ರಾಣಿ ಹೊಗೆ ಹಾಕಿ ಮಂದ ಮಾಡೋಣ ಅಂತ ಒಂದು ಸಂಜೆ ಪ್ರಯತ್ನಿಸಿದೆ. ಬೆಳಕಿನ ಕೋಲು ಬಹಳ ಚೆನ್ನಾಗಿ ಬಂತು, ಆದರೆ ಗಂಟೆಯೊಳಗೆ ಕನ್ನಡಿ ಮೇಲೆಲ್ಲ ಅಂಟು ಜಿಡ್ಡು. ಈ ಪರೀಕ್ಷೆಗಳೆಲ್ಲ ನನ್ನ ಜೇಬಿನ ಖರ್ಚಿನಲ್ಲೇ ಆದವು.

ಕೆಲಸಕ್ಕೆ ಬಂದಿದ್ದು ಚಪ್ಪಟೆ ಕನ್ನಡಿ. ಚಪ್ಪಟೆ ತುಂಡಿಗೆ ಒಂದೇ ದಿಕ್ಕು ಕಾಣುತ್ತದೆ. ಪ್ರತಿ ತುಂಡಿನ ಮೇಲಂಚಿನ ಹಿಂದೆ ಥರ್ಮಾಕೋಲಿನ ಸಣ್ಣ ಸೀಳು ಇಟ್ಟು ಅಂಟಿಸಿದೆವು. ಎಲ್ಲವೂ ಸ್ವಲ್ಪ ನೆಲಕ್ಕೆ ಮುಖ ಬಾಗಿಸಿದವು. ಈಗ ಅವುಗಳಲ್ಲಿ ಕಾಣುವುದು ಬರೀ ನೆಲ. ನೆಲಕ್ಕೆ ಗಾಢ ಕೆಂಪು ಬಳಿಸಿದೆ. ಸ್ವಿಚ್ ಹಾಕಿದ ತಕ್ಷಣ ಗೋಡೆ ಪೂರ್ತಿ ಮಾಣಿಕ್ಯದ ಹಾಗೆ ಹೊತ್ತಿಕೊಂಡಿತು. "ಆಗಲ್ಲ" ಅಂದಿದ್ದ ಹಿರಿಯರು ಏನೂ ಮಾತಾಡಲಿಲ್ಲ. ಹೋಗಿ ಇನ್ನೊಂದು ಥರ್ಮಾಕೋಲ್ ತಂದು ನಿಂತರು.

ನೆಲ ಕಂಡರೆ ಸಾಲದು, ನಾಯಕಿಯ ಮುಖ ಕಾಣಬೇಕು. ಅದಕ್ಕೆ ನಡು ಗೋಡೆಯ ನಾನೂರು ತುಂಡುಗಳನ್ನು ಕೈಯಲ್ಲೇ ಕೂರಿಸಿದೆವು. ನಾನು ಕ್ಯಾಮರಾದಲ್ಲಿ ಕಣ್ಣಿಟ್ಟು ಕೂತೆ. ನಾಯಕಿ ನಿಲ್ಲುವ ಮಾರ್ಕಿನಲ್ಲಿ ಒಬ್ಬ ಹುಡುಗ ಅವಳ ಎತ್ತರಕ್ಕೆ ಸರಿಯಾಗಿ ಕೆಂಪು ದುಪ್ಪಟ್ಟಾ ಹಿಡಿದ. ಇನ್ನೊಬ್ಬ ಗೋಡೆಯ ಹತ್ತಿರ ಒಂದೊಂದೇ ತುಂಡನ್ನು ತಿರುಗಿಸುತ್ತಾ ಹೋದ. "ಬಂತು" ಅಂದಾಗ ಅಂಟು ಒತ್ತಬೇಕು. ಬಂತು, ಬಂತು, ಇಲ್ಲ ಸ್ವಲ್ಪ ಮೇಲೆ, ಬಂತು. ಎರಡು ರಾತ್ರಿ ಪೂರ್ತಿ. ಒತ್ತಿದ ಮೇಲೆ ಜಾರದೆ, ಬೇಕಾದಾಗ ತಿರುಗಿಸಲೂ ಬರುವ ಅಂಟು ಯಾವುದು ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾನು ಆರು ತಿಂಗಳು ಕೊಟ್ಟಿದ್ದೇನೆ.

ಲೈಟ್ ಒಂದನ್ನೂ ನೇರ ಬಿಡಲಿಲ್ಲ. ಎಲ್ಲ ಬಟ್ಟೆಗೆ ಬಿಟ್ಟು ಬೌನ್ಸ್. ಬಿಳಿ ಬಟ್ಟೆ ಅಕಸ್ಮಾತ್ ಕನ್ನಡಿಯಲ್ಲಿ ಇಣುಕಿದರೆ ಎದ್ದು ಕಾಣುತ್ತದೆ. ಹಾಗಾಗಿ ಬಟ್ಟೆಗೇ ದೀಪದ ಬಣ್ಣ ಕಟ್ಟಿಸಿದೆ. ಇಣುಕಿದರೂ ಎಲ್ಲೋ ದೀಪ ಉರಿಯುತ್ತಿದೆ ಅನ್ನಿಸುತ್ತದೆ. ಯಾವುದರಲ್ಲಿ ಅದ್ದಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕ್ಯಾಮರಾ ಮುಂದೆ ಕಪ್ಪು ಬಟ್ಟೆ, ಲೆನ್ಸಿಗೆ ಮಾತ್ರ ತೂತು. ಸೆಟ್ಟಿನಲ್ಲಿ ಎಲ್ಲರಿಗೂ ಕಪ್ಪು ಅಂಗಿ.

ಒಂದು ಚರಣವನ್ನು ಸ್ಲೋ ಮೋಷನ್ನಿನಲ್ಲಿ ತೆಗೆಯುವ ಆಸೆ ಇತ್ತು. ಕ್ಯಾಮರಾವನ್ನು ಸೆಕೆಂಡಿಗೆ 48 ಫ್ರೇಮಿಗೆ, ಅಂದರೆ ಮಾಮೂಲಿ 24ರ ಎರಡರಷ್ಟಕ್ಕೆ ಇಟ್ಟು, ಸೆಟ್ಟಿನಲ್ಲಿ ಹಾಡು ಕೇಳಿಸುವ ನಾಗ್ರಾ ಯಂತ್ರದಲ್ಲಿ ಹಾಡನ್ನು ದುಪ್ಪಟ್ಟು ವೇಗಕ್ಕೆ ಹಾಕಿಸಿದೆ. ನಾಯಕಿ ಮನೆಯಲ್ಲಿ ವಾರ ಕಾಲ ಅದನ್ನೇ ಅಭ್ಯಾಸ ಮಾಡಿದ್ದರಂತೆ, ಮೂರನೇ ಟೇಕಿಗೇ ಓಕೆ. ಮಾಮೂಲಿ ವೇಗದಲ್ಲಿ ತೋರಿಸಿದಾಗ ತುಟಿ ಹಾಡಿಗೆ ಕೂಡುತ್ತದೆ, ಸೆರಗು ಮಾತ್ರ ನೀರಿನಲ್ಲಿ ತೇಲಿದ ಹಾಗೆ ಇಳಿಯುತ್ತದೆ. ಇದನ್ನು ಯಾರು ಬೇಕಾದರೂ ಮಾಡಿ ನೋಡಿ, ಮೋಸ ಇಲ್ಲ.

ನಾನು ಅಂದುಕೊಳ್ಳದೆ ಸಿಕ್ಕಿದ್ದು ಇನ್ನೊಂದು. ಆ ನಾನೂರು ಕನ್ನಡಿ ಒಂದೇ ಕ್ಯಾಮರಾ ಜಾಗಕ್ಕೆ ಕೂಡಿಸಿದ್ದು. ಮಧ್ಯಾಹ್ನ ಊಟದ ಮೇಲೆ ಯಾರೋ ಕ್ಯಾಮರಾ ಇಟ್ಟಿದ್ದ ಟ್ರಾಲಿಯನ್ನು ಸ್ವಲ್ಪ ತಳ್ಳಿದರು. ನಾನು ಲೆನ್ಸಿನಲ್ಲೇ ನೋಡುತ್ತಿದ್ದೆ. ಮುಖಗಳು ಒಂದೊಂದಾಗಿ ಆರಿಹೋದವು. ಆ ಕಡೆಯಿಂದ ಶುರುವಾಗಿ ಈ ಕಡೆಯ ತನಕ, ದೀಪ ಆರಿಸಿಕೊಂಡು ಬಂದ ಹಾಗೆ. ಕಥೆಯಲ್ಲಿ ಇಬ್ಬರೂ ಅಗಲುವುದು ಆ ಹಾಡಿನ ಕೊನೆಯಲ್ಲೇ. ಅದಕ್ಕಿಂತ ಬೇರೆ ಏನು ಬೇಕು ಹೇಳಿ? ಕೊನೆಯ ಶಾಟ್ ಅದೇ ಆಯಿತು. ಟ್ರಾಲಿ ಸರಿದಿದ್ದು ಎಲ್ಲ ಸೇರಿ ಒಂದಡಿ.

ಖರ್ಚು ನೆನಪಿನಿಂದ ಹೇಳುತ್ತೇನೆ. ಸೆಟ್ ಮತ್ತು ಗೋಡೌನಿಗೆ ಒಂದು ಲಕ್ಷ ತೊಂಬತ್ತು ಸಾವಿರ. ಕನ್ನಡಿಗೆ 55 ಸಾವಿರ. ಮೂರು ದಿನದ ಲೈಟ್ ಯೂನಿಟ್, ಜನರೇಟರ್ ಸೇರಿ ತೊಂಬತ್ತರ ಹತ್ತಿರ. ಡ್ಯಾನ್ಸರು, ಬಟ್ಟೆಬರೆ ಎಪ್ಪತ್ತೈದು. ಊಟ, ಗಾಡಿ ಎಲ್ಲ ಮೂವತ್ತು ಚಿಲ್ಲರೆ. ನಾಲ್ಕೂವರೆ ಮುಟ್ಟಲಿಲ್ಲ. ನನ್ನ ಪರೀಕ್ಷೆಯ ದಂಡ ಇದರಲ್ಲಿ ಸೇರಿಲ್ಲ.

ಮೊದಲ ವಾರ ಆರು ಶೋ ನಾನು ಪರದೆ ನೋಡಲಿಲ್ಲ. ಪರದೆಯ ಪಕ್ಕದ ಬಾಗಿಲಲ್ಲಿ ನಿಂತು ಜನರನ್ನು ನೋಡಿದೆ. ಕೆಂಪು ಬಂದ ಕ್ಷಣ ಮೊಬೈಲ್ ನೋಡುತ್ತಿದ್ದವರ ತಲೆ ಮೇಲೆದ್ದಿತು. ನಾನೂರು ಮುಖ ಬಂದಾಗ ಎಲ್ಲರೂ ಸುಮ್ಮನಾದರು. ಹಾಡಿನಲ್ಲಿ ನಾಯಕ ಪೂರ್ತಿ ಕಾಣುವುದೇ ಇಲ್ಲ. ಎಡಗಡೆ ಕೆಳಗಿನ ಒಂದು ತುಂಡಿನಲ್ಲಿ ಅವನ ಕೈ ಮಾತ್ರ ಬಂದು ಹೋಗುತ್ತದೆ. ಯಾರಿಗೂ ಕಾಣಲ್ಲ, ಕತ್ತರಿಸೋಣ ಅಂತ ಎಡಿಟಿಂಗ್ ಟೇಬಲ್ಲಿನಲ್ಲಿ ಜಗಳವೇ ಆಗಿತ್ತು. ಆರೂ ಶೋನಲ್ಲಿ ಶಿಳ್ಳೆ ಬಿದ್ದಿದ್ದು ಆ ಕೈಗೆ.

ಕನ್ನಡಿಗಳನ್ನೆಲ್ಲ ಚೀಲ ತುಂಬಿ ಇಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಸಾಗಾಟದ ಖರ್ಚು ಹಾಕಿಕೊಂಡು ತೆಗೆದುಕೊಂಡು ಹೋಗಿ. ನಡು ಗೋಡೆಯ ನಾನೂರರ ಹಿಂದೆ ನಂಬರ್ ಬರೆದಿದ್ದೇನೆ, ಅವು ಮುಂದಿನ ಹಾಡಿಗೆ ಬೇಕು.