‘ಆರ್‌ಟಿಎ’ ಅಂತ ಮೂರಕ್ಷರ ಬರೆದ್ರೆ ನಡ್ಕೊಂಡು ಹೋಗ್ತಿದ್ದೋರು ಲೆಕ್ಕಕ್ಕೇ ಸಿಗಲ್ಲ

ನಾನು ಆಸ್ಪತ್ರೆ ಮೆಡಿಕಲ್ ರೆಕಾರ್ಡ್ಸ್ ಸೆಕ್ಷನ್‌ನಲ್ಲಿ ಕೋಡಿಂಗ್ ಮಾಡ್ತೀನಿ. ಡಿಸ್ಚಾರ್ಜ್ ಆದ ಕೇಸ್ ಶೀಟೆಲ್ಲಾ ನನ್ನ ಟೇಬಲ್‌ಗೇ ಬರತ್ತೆ, ಐಸಿಡಿ-10 ಅಂದ್ರೆ ಕಾಯಿಲೆ, ಪೆಟ್ಟುಗಳಿಗೆ ನಂಬರ್ ಕೊಟ್ಟಿರೋ ಅಂತಾರಾಷ್ಟ್ರೀಯ ಪಟ್ಟಿ, ಅದನ್ನ ನೋಡ್ಕೊಂಡು ನಂಬರ್ ಹಾಕ್ಬೇಕು. ಆಕ್ಸಿಡೆಂಟ್ ಆಗಿದ್ರೆ ಎರಡು ಥರ ಕೋಡ್, ಏನು ಪೆಟ್ಟು ಅನ್ನೋದಕ್ಕೆ ಎಸ್ ಕೋಡ್, ಹೇಗಾಯ್ತು ಅನ್ನೋದಕ್ಕೆ ವಿ ಕೋಡ್. ಎಸ್ ಕೋಡ್‌ಗೆ ಎಕ್ಸ್‌ರೇ ಇರತ್ತೆ, ಸ್ಕ್ಯಾನ್ ಇರತ್ತೆ. ತೊಂದರೆ ಇರೋದೆಲ್ಲಾ ವಿ ಕೋಡಲ್ಲೇ, ಯಾಕಂದ್ರೆ ಎಷ್ಟೋ ಶೀಟಲ್ಲಿ ‘ಆರ್‌ಟಿಎ’ (ರೋಡ್ ಟ್ರಾಫಿಕ್ ಆಕ್ಸಿಡೆಂಟ್, ರಸ್ತೆ ಅಪಘಾತ) ಅಂತ ಬಿಟ್ರೆ ಬೇರೆ ಏನೂ ಬರೆದಿರಲ್ಲ. ಬೈಕಲ್ಲಿದ್ರಾ, ಬಸ್ಸಲ್ಲಿದ್ರಾ, ರಸ್ತೆ ದಾಟ್ತಿದ್ರಾ ಗೊತ್ತಾಗಲ್ಲ, ವಿವರ ಗೊತ್ತಿಲ್ಲದ ರಸ್ತೆ ಅಪಘಾತಕ್ಕೆ ಇರೋ ವಿ89.2 ಹಾಕಿ ಮುಂದಕ್ಕೆ ಹೋಗೋದು. ಶುರುವಲ್ಲಿ ನಾನೂ ಹಾಗೇ ಮಾಡ್ತಿದ್ದೆ. ಒಂದ್ಸಲ ರಿಪೋರ್ಟ್ ತೆಗೆದು ನೋಡಿದ್ರೆ ಪಾದಚಾರಿಗಳಿಗೆ ಇರೋ ವಿ01ರಿಂದ ವಿ09ರವರೆಗಿನ ಸಾಲು ಹೆಚ್ಚುಕಮ್ಮಿ ಖಾಲಿ, ಗೇಟ್ ಮುಂದೆ ಜನ ಜೀವ ಕೈಯಲ್ಲಿ ಹಿಡ್ಕೊಂಡು ರಸ್ತೆ ದಾಟೋದನ್ನ ದಿನಾ ನೋಡೋ ನನಗೆ ತುಂಬಾ ಕಸಿವಿಸಿ ಆಯ್ತು.

ಆಮೇಲೆ ಬಂದಿದ್ದು ಸೊಪ್ಪು ಮಾರೋ ಅಮ್ಮನ ಕೇಸ್. ಶೀಟಲ್ಲಿ ಇದ್ದಿದ್ದು ‘ಆರ್‌ಟಿಎ, ಫ್ರ್ಯಾಕ್ಚರ್ ಬೋತ್ ಬೋನ್ಸ್ ಲೆಫ್ಟ್ ಲೆಗ್’ ಅಷ್ಟೇ. ಮೊಣಕಾಲ ಕೆಳಗಿನ ದೊಡ್ಡ ಮೂಳೆ ನಡುವೆ ಮುರಿದ್ರೆ ಎಸ್82.2, ಪಕ್ಕದ ಸಣ್ಣ ಮೂಳೆ ಜೊತೆಗೆ ಮುರಿದಿದ್ರೂ ಅದರೊಳಗೇ ಬರತ್ತೆ, ಹೊಸಬರು ಇಲ್ಲಿ ಸುಮ್ನೆ ಎರಡು ಕೋಡ್ ಹಾಕ್ತಾರೆ. ಆದ್ರೆ ಓಪನ್ನಾ ಕ್ಲೋಸ್ಡಾ? ಆಪರೇಷನ್ ಥಿಯೇಟರ್ ನೋಟ್ಸ್ ತಿರುವಿದ್ರೆ ಮೂಳೆ ಚರ್ಮ ಸೀಳ್ಕೊಂಡು ಹೊರಗೆ ಬಂದಿತ್ತು ಅಂತ ಸರ್ಜನ್ ಬರೆದಿದ್ರು, ಅಂದ್ರೆ ಓಪನ್, ಹಾಗಾಗಿ ಕೊನೇಲಿ 1 ಸೇರಿಸಿ ಎಸ್82.21.

ಅಷ್ಟರಲ್ಲಿ ಅವರ ಮಗ ಪರಿಹಾರದ ಕ್ಲೇಮಿಗೆ ಕೇಸ್ ಶೀಟ್ ಕಾಪಿ ಬೇಕು ಅಂತ ಬಂದ್ರು. ‘ಅಮ್ಮ ತಳ್ಳುಗಾಡಿ ತಳ್ಕೊಂಡು ಹೋಗ್ತಿದ್ರು ಅಕ್ಕಾ, ಹಿಂದಿಂದ ಗೂಡ್ಸ್ ಗಾಡಿಯವ್ನು ಬಂದು ಗುದ್ದಿದ’ ಅಂದ್ರು. ‘ಎಷ್ಟು ಚಕ್ರ ತಮ್ಮಾ ಅದಕ್ಕೆ?’ ಅಂತ ಕೇಳ್ದೆ. ಮೂರು ಚಕ್ರದ ಆಟೋ ಆದ್ರೆ ವಿ02, ನಾಲ್ಕು ಚಕ್ರದ ಪಿಕಪ್ ಆದ್ರೆ ವಿ03, ಲಾರಿ ಬಸ್ ಆದ್ರೆ ವಿ04. ನಾಲ್ಕು ಅಂದ್ರು. ತಳ್ಳುಗಾಡಿ ತಳ್ಳೋರು ಐಸಿಡಿ ಲೆಕ್ಕದಲ್ಲಿ ಪಾದಚಾರೀನೇ. ರಸ್ತೆ ಬದೀಲಿ ಟಯರ್ ಬದಲಾಯಿಸ್ತಿರೋ ಲಾರಿ ಡ್ರೈವರ್‌ಗೆ ಬೇರೆ ಗಾಡಿ ಗುದ್ದಿದ್ರೆ ಅವರೂ ಪಾದಚಾರಿ, ಬಸ್ಸಿಂದ ಇಳೀತಾ ಬಿದ್ದೋರು ಮಾತ್ರ ಬಸ್ ಪ್ರಯಾಣಿಕರ ಲೆಕ್ಕಕ್ಕೆ ಹೋಗ್ತಾರೆ.

ಮಗ ಹೇಳಿದ್ರು ಅಂತ ನಾನೇ ಕೋಡ್ ಹಾಕೋ ಹಾಗಿಲ್ಲ, ಅದು ಡಾಕ್ಟರ್ ಬರವಣಿಗೇಲಿ ಇರ್ಬೇಕು. ಕ್ಯಾಶುವಾಲ್ಟಿಗೆ ಹೋಗಿ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಪೊಲೀಸ್ ಕೇಸ್ ಆಗೋ ಪೆಟ್ಟುಗಳನ್ನ ಬರೆಯೋ) ರಿಜಿಸ್ಟರ್ ತೆಗೆಸಿದೆ, ಅಲ್ಲಿ ಪೂರ್ತಿ ವಿವರ ಇದೆ, ಕೇಸ್ ಶೀಟಿಗೆ ಇಳಿದೇ ಇಲ್ಲ ಅಷ್ಟೇ! ಡ್ಯೂಟಿ ಡಾಕ್ಟರಿಗೆ ತೋರಿಸ್ದೆ. ಹಳೇ ಸಾಲು ಒಂದಕ್ಷರನೂ ಮುಟ್ಟದೆ ಅದರ ಕೆಳಗೆ ಹೊಸದಾಗಿ ಬರೆದು, ಅವತ್ತಿನ ತಾರೀಕು ಟೈಮ್ ಹಾಕಿ ಸೈನ್ ಮಾಡಿದ್ರು. ಇದನ್ನ ಒತ್ತಿ ಹೇಳ್ತೀನಿ, ವೈಟ್ನರ್ ಹಚ್ಚಿ ತಿದ್ದಿದ ಶೀಟು ಕ್ಲೇಮ್ ಕೋರ್ಟಿಗೆ ಹೋದ್ರೆ ವಕೀಲ್ರು ಅದನ್ನೇ ಹಿಡ್ಕೊಳ್ತಾರೆ, ನರಳೋದು ಪೆಟ್ಟಾದೋರೇ.

ವಿ03.1 ಅಂತ ಎಂಟ್ರಿ ಮಾಡ್ದೆ, ಆ .1 ಅಂದ್ರೆ ಸಾರ್ವಜನಿಕ ರಸ್ತೆ, ಕಾಂಪೌಂಡ್ ಒಳಗೆ ಆಗಿದ್ರೆ .0 ಆಗ್ತಿತ್ತು. ಮಾರನೇ ದಿನಾನೇ ಕ್ಯಾಶುವಾಲ್ಟಿ ಟೇಬಲ್ ಮೇಲೆ ಒಂದು ಚೀಟಿ ಅಂಟಿಸ್ದೆ: ನಡ್ಕೊಂಡಿದ್ರಾ, ಗಾಡೀಲಿದ್ರಾ? ಗುದ್ದಿದ್ದು ಯಾವ ಗಾಡಿ? ರಸ್ತೇಲಾ, ಒಳಗಾ? ಎಡನಾ ಬಲನಾ? ರಾತ್ರಿ ಡ್ಯೂಟಿ ಸಿಸ್ಟರ್ ಅದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಟ್ಟಿದ್ದಾರೆ.